ಮೊದಲಿನಿಂದ ಹೇಳುವವನು

ಪಟ್ಟಿಯಲ್ಲಿದ್ದ ಇನ್ನೂರ ಹದಿನಾಲ್ಕು ಇಂಗ್ಲಿಷ್ ಪದಗಳೂ ಮಮಸಾಲಿಗೆ ಬರುತ್ತಿದ್ದವು. ಆದರೆ ಎ ಯಿಂದ ಝಡ್‌ವರೆಗೆ ಸಾಲಾಗಿ ಮಾತ್ರ.

ನಾರಿನ್ ಊರಿನ ಮೇಲಿನ ಬೆಟ್ಟದ ಚಿನ್ನದ ಗಣಿಯಲ್ಲಿ ಅವನು ಹತ್ತೊಂಬತ್ತು ವರ್ಷದಿಂದ ಟಿಪ್ಪರ್ ಓಡಿಸುತ್ತಿದ್ದ. ಹೊಸ ಕಂಪನಿ ಬಂದಮೇಲೆ ರೇಡಿಯೋದಲ್ಲಿ ಇಂಗ್ಲಿಷೇ ಆಡಬೇಕೆಂದಾಯಿತು. ಪದಗಳ ಪರೀಕ್ಷೆಯಲ್ಲಿ ಎರಡು ಸಲ ಫೇಲಾದವನು ಟಿಪ್ಪರಿನಿಂದಿಳಿದು ಗೇಟು ಕಾಯಬೇಕು. ಅವನು ಒಂದು ಸಲ ಫೇಲಾಗಿದ್ದ.

ಹೆಂಡತಿ ಕಲ್ಬೂಬೂ ಹಿಟ್ಟು ನಾದುತ್ತ ದಿನಾ ಬಾಯಿಪಾಠ ಮಾಡಿಸಿದಳು. ಅವನಿಗೆ ಗೊತ್ತಿದ್ದ ಕಲಿಕೆ ಅದೊಂದೇ. ಚಿಕ್ಕವನಿದ್ದಾಗ ತಾತ ಕುದುರೆಯ ಮೇಲೆ ಮುಂದೆ ಕೂರಿಸಿಕೊಂಡು ಅಲ್ಲಿನ ಮಕ್ಕಳಿಗೆಲ್ಲ ಕಲಿಸುವಂತೆ ವಂಶದ ಏಳು ತಲೆಮಾರಿನ ಹೆಸರು ಕಲಿಸಿದ್ದೂ ಹೀಗೇ. ಕಲ್ಬೂಬೂ ಕೊನೆಗೆ ಪಟ್ಟಿಯನ್ನು ಕತ್ತರಿಸಿ, ಚೀಟಿ ಮಾಡಿ, ಬಟ್ಟಲಲ್ಲಿ ಕಲಸಿ ಇಟ್ಟಳು. ಅವಳು ಒಲೆಯ ಕಡೆ ಹೋಗಿ ಬರುವಷ್ಟರಲ್ಲಿ ಅವನು ಚೀಟಿಗಳನ್ನು ಮತ್ತೆ ಸಾಲಾಗಿ ಜೋಡಿಸಿದ್ದ.

ಪರೀಕ್ಷೆ ಮಾಡುವವಳು ಐಜಿರೆಕ್, ರಾಜಧಾನಿ ಬಿಷ್ಕೆಕ್‌ನ ಹುಡುಗಿ. ಬೆಳಗಿನಿಂದ ಮೂವತ್ತು ಜನರನ್ನು ಕೇಳಿ ಅವಳ ಗಂಟಲು ಒಣಗಿತ್ತು. ಪಿಪಿಇ ಅಂದರೇನು ಎಂದಳು. ಮಮಸಾಲಿ ಕಣ್ಣು ಮುಚ್ಚಿ ಆಕ್ಸಲ್‌ನಿಂದ ಶುರುಮಾಡಿದ. ಎರಡು ನಿಮಿಷದ ಮೇಲೆ ಹೆಲ್ಮೆಟ್ಟು, ಕೈಗವಸು, ಬೂಟು ಎಂದ. ಸರಿಯಿತ್ತು. ಯೀಲ್ಡ್ ಎಂದಳು. ಮತ್ತೆ ಆಕ್ಸಲ್. ಅವಳು ತಣ್ಣಗಾದ ಚಹಾ ಕುಡಿದು, ಕಿಟಕಿಯಾಚೆ ನೋಡಿ, ಮುಖ ತಿರುಗಿಸುವ ಹೊತ್ತಿಗೆ ಅವನು ದಾರಿ ಬಿಡು ಎಂದ. ಅದೂ ಸರಿ.

"ಬಾಯ್ಕೆ," ಎಂದು ಹಿರಿಯಣ್ಣನನ್ನು ಕರೆಯುವಂತೆ ಕರೆದಳು. "ರೇಡಿಯೋದಲ್ಲಿ ಯೀಲ್ಡ್ ಅಂದ್ರೆ ಆಗಲೂ ಎ ಯಿಂದ ಬರ್ತೀರಾ?"

"ಎದುರಿಂದ ಬರೋ ಗಾಡಿ ಕಣ್ಣಿಗೆ ಕಾಣುತ್ತಲ್ಲ ಮಗಳೇ. ಕಂಡರೆ ಬಿಡ್ತೀನಿ."

"ಮಂಜು ಮುಸುಕಿದ್ರೆ?"

ಹೋದ ಚಳಿಗಾಲದಲ್ಲಿ ಮಂಜು ಹೇಗಿತ್ತೆಂದು ಅವಳಿಗಿಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ತನ್ನ ಟಿಪ್ಪರಿನ ಮೂತಿಯೇ ಕಂಡಿರಲಿಲ್ಲ.

ಐಜಿರೆಕ್ ಪೆನ್ನು ಹಿಡಿದು ಕುಳಿತೇ ಇದ್ದಳು. ನಿಮ್ಮ ಐದನೇ ತಲೆಮಾರಿನ ಹಿರಿಯರು ಯಾರು ಎಂದು ಕೇಳಿದಳು. ಮಮಸಾಲಿ ಅಪ್ಪನಿಂದ ಶುರುಮಾಡಿ ಬೆರಳು ಮಡಿಸುತ್ತ ಹೋದ. ಅವಳಿಗೆ ನಗು ಬರಲಿಲ್ಲ.

"ನಂಗೂ ಹಾಗೇ ಬರೋದು, ಬಾಯ್ಕೆ. ಆದ್ರೆ ಈ ಕಾಗದದಲ್ಲಿ ಎರಡೇ ಮನೆ ಇರೋದು, ಪಾಸು, ಫೇಲು."

"ಫೇಲು ಅಂತ ಬರಿ. ಆ ಮಂಜಲ್ಲಿ ಎದುರಿಂದ ಬರೋನು ನಾನಾಗಿದ್ರೆ, ನಾನೂ ಅದನ್ನೇ ಬರೀತಿದ್ದೆ."

ಸೋಮವಾರದಿಂದ ಅವನಿಗೆ ಗೇಟು. ಗೂಡಿನಲ್ಲೊಂದು ರೇಡಿಯೋ ಇತ್ತು, ಆಫ್ ಮಾಡುವ ಹಾಗಿರಲಿಲ್ಲ. ಮೂರನೆಯ ದಿನ ಮಂಜು ಇಳಿಯಿತು. ರೇಡಿಯೋ ಗರಗರ ಎಂದು, ಯಾರೋ ಯೀಲ್ಡ್, ಯೀಲ್ಡ್ ಎಂದರು. ಮಮಸಾಲಿಯ ಬಾಯಿ ತಾನಾಗಿಯೇ ಆಕ್ಸಲ್, ಬರ್ಮ್, ಬ್ಲಾಸ್ಟ್, ಬ್ರೇಕ್ ಎಂದು ಹೊರಟಿತು. ಅವನು ಹೆಲ್ಮೆಟ್‌ಗೆ ಬರುವಷ್ಟರಲ್ಲಿ ಎರಡು ಟಿಪ್ಪರುಗಳು ಒಂದನ್ನೊಂದು ದಾಟಿ ಹೋದ ಸದ್ದು ಕೇಳಿಸಿತು.

ಅವನು ಮಾತ್ರ ನಿಲ್ಲಿಸಲಿಲ್ಲ. ನಡುವೆ ನಿಲ್ಲಿಸಿ ಅಭ್ಯಾಸವಿರಲಿಲ್ಲ.