ಮರಿಗಳು ನೋಡುತ್ತಿದ್ದ ಕಡೆ

ಬೆಕ್ಕು ಸಾಕಿದವರನ್ನು ಕೇಳಿ ನೋಡಿ, ಬೆಕ್ಕು ಬರಿಗೋಡೆ ನೋಡುತ್ತ ಕೂರುವುದು ಯಾವ ದೊಡ್ಡ ಸುದ್ದಿ ಎಂದುಬಿಡುತ್ತಾರೆ. ಇರಲಿ. ಆದರೆ ಮೂರು ಮರಿಗಳು ಪ್ರತಿ ಶನಿವಾರ ಸಂಜೆ, ಅಹಮದಾಬಾದಿನ ರೈಲು ಇಳಿದು ಆಟೋ ಹಿಡಿದವರು ಮನೆ ಮುಟ್ಟುವ ಹೊತ್ತಿಗೆ ಸರಿಯಾಗಿ, ಬಾಗಿಲೆದುರು ಸಾಲಾಗಿ ಕೂತು ಕತ್ತೆತ್ತಿದರೆ? ಬಾಗಿಲು ಹಾಕಿಯೇ ಇರುತ್ತಿತ್ತು. ಮರಿಗಳ ದೃಷ್ಟಿ ಮಾತ್ರ ಒಬ್ಬ ಹೆಣ್ಣುಮಗಳ ಮುಖದ ಎತ್ತರದಲ್ಲಿ ಬಾಗಿಲಿಂದ ಅಡುಗೆಮನೆಗೆ, ಅಲ್ಲಿಂದ ಕಿಟಕಿ ಪಕ್ಕದ ಕುರ್ಚಿಗೆ ನಿಧಾನವಾಗಿ ಸರಿಯುತ್ತಿತ್ತು. ಕುರ್ಚಿ ಬಂದಾಗ ಕೆಳಗಿಳಿಯುತ್ತಿತ್ತು, ಯಾರೋ ಕೂತ ಹಾಗೆ. ಅದು ವಿಂಧ್ಯಾಳ ಕುರ್ಚಿ.

ವಿಂಧ್ಯಾ ಭೀಮಸೇನನ ತಂಗಿ. ಧಾರವಾಡದ ಭೀಮಸೇನ ರೈಲ್ವೆ ವರ್ಗಾವಣೆಯಲ್ಲಿ ವಡೋದರಾಕ್ಕೆ ಬಂದು ಗೋರ್ವಾ ಬಡಾವಣೆಯ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ ಮನೆ ಹಿಡಿದಿದ್ದ. ಅಣ್ಣ ಹತ್ತಿರವಿದ್ದಾನೆಂಬ ಧೈರ್ಯದಲ್ಲಿ ಅವಳು ಅಹಮದಾಬಾದಿನ ವಟ್ವಾದ ಬಣ್ಣದ ಕಾರ್ಖಾನೆಯೊಂದರ ಲ್ಯಾಬಿಗೆ ಸೇರಿದಳು. ಉಗುರಿನ ಸಂದಿಯಲ್ಲಿ ಯಾವಾಗಲೂ ಒಂದು ಬಣ್ಣ. ಗೋದಾಮಿನ ರಟ್ಟಿನ ಪೆಟ್ಟಿಗೆಯಲ್ಲಿ ಇನ್ನೂ ಕಣ್ಣು ಬಿಡದ ಮೂರು ತಬ್ಬಲಿ ಮರಿಗಳು ಸಿಕ್ಕಾಗ ದುಪಟ್ಟಾದಲ್ಲಿ ಸುತ್ತಿ ರೈಲಿನಲ್ಲಿ ತಂದು ಅಣ್ಣನ ತೊಡೆಯ ಮೇಲೆ ಹಾಕಿದಳು.

"ನಮ್ಮ ಪಿಜಿಯೊಳಗ ಬಿಡಂಗಿಲ್ಲಣ್ಣ. ನೀ ಸಾಕು, ನಾ ಶನಿವಾರ ಶನಿವಾರ ಬಂದು ನೋಡ್ತೀನಿ."

ನೀಲಿ, ಕೆಂಪಿ, ಗುಂಡ ಎಂದು ಹೆಸರಿಟ್ಟವಳೂ ಅವಳೇ. ನೀಲಿ ಯಾವ ಕಡೆಯಿಂದ ನೋಡಿದರೂ ಬೂದಿ ಬಣ್ಣ, ಅದು ಬೇರೆ ಮಾತು. ಸಿರಿಂಜಿನಲ್ಲಿ ಹಾಲು ಹನಿಸುವುದನ್ನು ಅಣ್ಣನಿಗೆ ಕಲಿಸಿದಳು. ಮಳೆಗಾಲದಲ್ಲಿ ಅವಳಿಗೆ ಜ್ವರ ಬಂತು. "ಗುಳಿಗಿ ತೊಗೊಂಡೀನಿ, ಶನಿವಾರ ಬರ್ತೀನಿ" ಎಂದು ಫೋನಿನಲ್ಲಿ ಹೇಳಿದವಳು ಶುಕ್ರವಾರ ಆಸ್ಪತ್ರೆಯಲ್ಲಿ ತೀರಿಕೊಂಡಳು.

ಮರುವಾರವೇ ಮರಿಗಳು ಬಾಗಿಲೆದುರು ಕೂತವು. ಭೀಮಸೇನ ಯಾರಿಗೂ ಹೇಳಲಿಲ್ಲ. ಶನಿವಾರ ಬಂತೆಂದರೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದ, ಕುರ್ಚಿಯ ಪಕ್ಕ ಒಂದು ಲೋಟ ಚಹಾ ಇಡುತ್ತಿದ್ದ. ಆ ಮರಿಗಳ ಕಣ್ಣಿಲ್ಲದಿದ್ದರೆ ತಂಗಿ ಬಂದದ್ದು ಅವನಿಗೆ ತಿಳಿಯುವುದಾದರೂ ಹೇಗೆ? ತಣ್ಣಗಾದ ಚಹಾವನ್ನು ಹೆಂಡತಿ ಸಾವಿತ್ರಿ ಚೆಲ್ಲುತ್ತಿದ್ದಳು.

ಹೀಗೇ ನಡೆದುಹೋಗುತ್ತಿತ್ತೋ ಏನೋ. ಒಂದು ದಿನ ನೀಲಿ ಪಾರಿವಾಳ ಹಿಡಿಯಲು ಹೋಗಿ ಬಾಲ್ಕನಿಯ ಕಂಬಿಗೆ ಜೋತುಬಿತ್ತು. ಸಾವಿತ್ರಿ ಕೈ ಪರಚಿಸಿಕೊಂಡು ಮೇಲೆಳೆದಳು.

"ಸಾಕ್ರೀ ಇನ್ನ," ಎಂದಳು, ರಕ್ತ ಒರೆಸಿಕೊಳ್ಳುತ್ತ. "ಬೆಳದಾವು, ಮಣ್ಣು ಬೇಕು, ಗಿಡ ಬೇಕು. ನಿಮ್ಮ ದುಃಖಕ್ಕ ಇವೇನು ಪಾಪ ಮಾಡ್ಯಾವು?"

ಅವನ ಸಹೋದ್ಯೋಗಿಯೊಬ್ಬನ ತಾಯಿ ಜಶುಬೆನ್‌ಗೆ ವಡೋದರಾ ಪಕ್ಕದ ಪಾದರಾ ಕಡೆ ಹೊಲವಿತ್ತು. ಅವರ ಉಗ್ರಾಣದಲ್ಲಿ ತೊಗರಿ ಚೀಲಗಳಿಗೆ ಇಲಿಗಳು ತೂತು ಹಾಕುತ್ತಿದ್ದವು. ಮರಿಗಳನ್ನು ಒಯ್ದಾಗ ಮುದುಕಿ ಗುಜರಾತಿಯಲ್ಲಿ ಕಟ್ಟುನಿಟ್ಟಾಗಿ ಹೇಳಿದರು: ಮೊದಲು ಉಗ್ರಾಣದೊಳಗೇ ಕೂಡಿಹಾಕಬೇಕು, ಆಗಲೇ ಇದು ತಮ್ಮ ಜಾಗ ಎಂದು ಮೂಗಿಗೆ ಗೊತ್ತಾಗುವುದು. ಮಲಗುತ್ತಿದ್ದ ಬಟ್ಟೆಯನ್ನು ತೊಳೆಯದೆ ಹಾಗೇ ಹಾಸಬೇಕು. ಸಂಜೆ ತಟ್ಟೆ ಬಡಿದೇ ಊಟ ಹಾಕಬೇಕು, ಹೊರಗೆ ಬಿಟ್ಟ ಮೇಲೂ ಆ ಸದ್ದಿಗೆ ಹಿಂದಿರುಗುತ್ತವೆ. "ಕೈತುತ್ತು ಹಾಕಿದವನು ಮಾತ್ರ ಇತ್ತ ಮುಖ ತೋರಿಸಬಾರದು, ಭೀಮ್‌ಭಾಯ್. ನೀನು ಬಂದರೆ ಇವು ಕೆಲಸ ಕಲಿಯುವುದಿಲ್ಲ."

ಆ ಬಟ್ಟೆ ಎಂದರೆ ವಿಂಧ್ಯಾಳ ದುಪಟ್ಟಾ, ಮೂಲೆಯಲ್ಲಿ ನೀಲಿ ಬಣ್ಣದ ಕಲೆ ಇದ್ದದ್ದು. ನಮ್ಮ ಭೂಪ ಅದನ್ನು ಮನೆಯ ಕಪಾಟಿನಲ್ಲಿಟ್ಟು, ಹಳೇ ಬೆಡ್‌ಶೀಟು ಕೊಟ್ಟು ಬಂದ. ಮರಿಗಳು ಹೋದರೂ ದುಪಟ್ಟಾದ ವಾಸನೆ ಹಿಡಿದು ಅವಳು ಬಂದಾಳು ಎಂಬ ಆಸೆ.

ಶನಿವಾರ ಬಂತು. ಬಾಗಿಲೆದುರು ಯಾರೂ ಕೂರಲಿಲ್ಲ. ಕುರ್ಚಿ ಬರೀ ಕುರ್ಚಿಯಾಗಿತ್ತು. ಅವನಿಗೆ ತಂಗಿ ಎರಡನೇ ಸಲ ಸತ್ತಂತಾಯಿತು.

ಮರುದಿನವೇ ಬೈಕ್ ಏರಿದ. ಮರಿಗಳು ಚೀಲಗಳ ಹಿಂದೆ ಅಡಗಿದ್ದವು, ತಟ್ಟೆ ಮುಟ್ಟಿರಲಿಲ್ಲ. ಅವನು ಕೈಯಲ್ಲೇ ತಿನ್ನಿಸಿದ. ಆಮೇಲೆ ದಿನಾ ಸಂಜೆ ಹೋಗತೊಡಗಿದ. ಅವನಿಲ್ಲದಾಗ ಮರಿಗಳು ಉಪವಾಸ. ತಟ್ಟೆ ಬಡಿದರೆ ಹೆದರಿ ಮೂಲೆ ಸೇರುತ್ತಿದ್ದವು. ಕೊನೆಗೆ ಜಶುಬೆನ್ ಅಂಗಳಕ್ಕೆ ಬಿಟ್ಟ ದಿನ ಮೂರೂ ಅವನ ಬೈಕಿನ ಹಿಂದೆ ರಸ್ತೆಯವರೆಗೆ ಓಡಿದವು. ಟ್ರ್ಯಾಕ್ಟರಿನವನು ಬ್ರೇಕ್ ಹಾಕದಿದ್ದರೆ ಗುಂಡ ಅಂದೇ ಮುಗಿಯುತ್ತಿತ್ತು.

"ಇವು ಬದುಕಬೇಕೋ ಬೇಡವೋ?" ಮುದುಕಿ ಮರಿಗಳನ್ನು ಎತ್ತಿ ತಂದು ಅವನೆದುರು ಹಾಕಿದರು. "ಬೇಡವೆಂದರೆ ಈಗಲೇ ಹೇಳಿಬಿಡು. ಪಕ್ಕೆಲುಬು ಎಣಿಸಬಹುದು, ನೋಡು. ನೀನು ಬರುವುದನ್ನು ಕಾಯುತ್ತ ಕಾಯುತ್ತ ಸಾಯುತ್ತವೆ."

ಭೀಮಸೇನ ಕುಕ್ಕರುಗಾಲಲ್ಲಿ ಕೂತು ಕೈ ಚಾಚಿದ. ಮರಿಗಳು ಸಾಲಾಗಿ ಕೂತು ಕತ್ತೆತ್ತಿದವು. ನೋಡಿದ್ದು ಅವನ ಮುಖವನ್ನಲ್ಲ. ಎಡಭುಜದ ಆಚೆ, ಹಿಂದೆ, ಸ್ವಲ್ಪ ಮೇಲೆ. ಅಂದು ಶನಿವಾರವೂ ಅಲ್ಲ. ಅವನು ಎದ್ದು ಎರಡು ಹೆಜ್ಜೆ ಸರಿದ. ಮರಿಗಳ ಕಣ್ಣೂ ಸರಿಯಿತು, ಮತ್ತೆ ಅದೇ ಎಡಭುಜದ ಆಚೆಗೆ.

ಅವಳು ಮರಿಗಳಿಗಾಗಿ ಬರುತ್ತಿರಲಿಲ್ಲ. ದುಪಟ್ಟಾಕ್ಕಾಗಿಯೂ ಅಲ್ಲ. ಈಗ ಶನಿವಾರಕ್ಕೂ ಕಾಯದೆ, ಅವನು ಹೋದಲ್ಲೆಲ್ಲ ಅವಳಿದ್ದಳು. ಅಯ್ಯೋ, ಆ ಕ್ಷಣ ಅವನಿಗಾದ ಸಂತೋಷ! ಆದರೆ ಎದುರಿಗೆ ಮರಿಗಳ ಪಕ್ಕೆಲುಬು ಕಾಣುತ್ತಿತ್ತು. ಹಾಗಾದರೆ ಇವಳೂ ಹೀಗೇ ಅಲ್ಲವೇ, ಎಲ್ಲಿಗೂ ಹೋಗಲಾರದೆ, ತನಗಾಗಿ ಕಾಯುತ್ತ? ಅವನಿಗೆ ತಿರುಗಿ ನೋಡುವ ಧೈರ್ಯ ಬರಲಿಲ್ಲ.

ಮನೆಗೆ ಬಂದು ಹೆಂಡತಿಯ ಮುಂದೆ ಎಲ್ಲ ಹೇಳಿಕೊಂಡ. ಸಾವಿತ್ರಿ ನಗಲಿಲ್ಲ.

"ಚಹಾ ಯಾರಿಗಿಡ್ತಿದ್ರಿ ಅಂತ ತಿಳೀದಷ್ಟು ದಡ್ಡಿ ಏನ್ರೀ ನಾ?" ಎಂದು ಕಪಾಟು ತೆಗೆದಳು. "ಅಕಿ ಮದುವ್ಯಾಗ ಉಡಿ ತುಂಬಿ ಕಳಸಬೇಕಂತ ಗುಳೇದಗುಡ್ಡದ ಖಣ ತಂದಿಟ್ಟಿದ್ದೆ. ದವಾಖಾನಿಯಿಂದ ಹಂಗ ಹೋತು ಕೂಸು. ಮನಿ ಹೆಣ್ಮಗಳು ಬರೀ ಉಡೀಲೆ ಎಲ್ಲಿಗೆ ಹೋದಾಳು, ಹೇಳ್ರಿ?"

ಶನಿವಾರ ಇಬ್ಬರೂ ಹೊಲಕ್ಕೆ ಹೋದರು. ಭೀಮಸೇನ ದುಪಟ್ಟಾವನ್ನು ಒಮ್ಮೆ ಮುಖಕ್ಕೆ ಒತ್ತಿಕೊಂಡ. ಹಾಲು, ಪೌಡರು, ಯಾವುದೋ ಬಣ್ಣದ ಘಾಟು. ಆಮೇಲೆ ಉಗ್ರಾಣದ ಹೊಸ್ತಿಲ ಒಳಗೆ ಹಾಸಿದ. ಸಾವಿತ್ರಿ ಸೆರಗು ಹೊದ್ದು ದುಪಟ್ಟಾದ ತುದಿಗೆ, ಮಡಿಲು ತುಂಬುವ ಹಾಗೆ, ಬೊಗಸೆ ಬೊಗಸೆ ಅಕ್ಕಿ ಹಾಕಿದಳು, ಕೊಬ್ಬರಿ ಬಟ್ಟಲು, ಅರಿಶಿನದ ಕೊಂಬು, ಉತ್ತತ್ತಿ ಇಟ್ಟಳು, ಮೇಲೆ ಖಣ. "ತೊಗೊಳವಾ, ವೈನಿ ಕೊಡ್ತೀನಿ," ಎಂದಳು ಅತ್ತಿಗೆ, ಖಾಲಿ ಜಾಗಕ್ಕೆ. ಬಾಗಿಲಲ್ಲಿ ನಿಂತಿದ್ದ ಜಶುಬೆನ್ ಕೂಡ ತಲೆಯ ಮೇಲೆ ಸೆರಗೆಳೆದುಕೊಂಡರು.

ಮರಿಗಳು ಅವನ ಎಡಭುಜದ ಆಚೆಗೇ ನೋಡುತ್ತಿದ್ದವು.

"ಪುಟ್ಟೀ," ಎಂದ ಭೀಮಸೇನ. "ಇವನ್ನ ನೋಡ್ಕೊಂಡು ಇಲ್ಲೇ ಆರಾಮಿರು. ಬ್ಯಾಸರ ಆದ ದಿನ ಎಲ್ಲಿಗೆ ಹೋಗಬೇಕೋ ಹೋಗು. ಅಣ್ಣನ ಹಾದಿ ಕಾಯಬ್ಯಾಡ. ನಾ ಇನ್ನ ಬರೂದಿಲ್ಲ."

ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಮೂರು ಜೊತೆ ಕಣ್ಣುಗಳು ನಿಧಾನವಾಗಿ ಅವನನ್ನು ದಾಟಿ ಒಳಗೆ ಹೋದವು, ದುಪಟ್ಟಾದ ಹತ್ತಿರ ಕೆಳಗಿಳಿದವು. ಮರಿಗಳು ಅವನಿಗೆ ಬೆನ್ನು ಹಾಕಿ ಓಡಿ, ಅಕ್ಕಿಯನ್ನೆಲ್ಲ ಚೆಲ್ಲಾಡಿ, ಬಟ್ಟೆಯನ್ನು ಮುಂಗಾಲಲ್ಲಿ ನಾದುತ್ತ ಗುರುಗುಟ್ಟಿದವು. ಜಶುಬೆನ್ ತಟ್ಟೆ ಬಡಿದರು. ಗುಂಡ ಮೊದಲು ಹೋಗಿ ತಿಂದ.

ಗೇಟಿನ ಹತ್ತಿರ ಭೀಮಸೇನ ತಿರುಗಿ ನೋಡಿದ. ಹಿಂದೆ ಯಾರೂ ಬರುತ್ತಿರಲಿಲ್ಲ. ಬೈಕ್ ಚಾಲೂ ಮಾಡುವಾಗ ಎಡಭುಜದ ಮೇಲೆ ಒಂದು ಕೈ ಬಿತ್ತು. ಅವನ ಉಸಿರು ನಿಂತುಹೋಯಿತು.

"ನಾನರೀ," ಎಂದಳು ಸಾವಿತ್ರಿ, ಹಿಂದೆ ಹತ್ತಿ ಕೂರುತ್ತ. "ನಡೀರಿ ಮನಿಗೆ."