ಹನ್ನೆರಡು ಕೋಣೆಗಳ ಒಂದು ತಟ್ಟೆ

ನುಡಿಗೆ ಮೊದಲು ನಾದವಾಗಿದ್ದವನೇ, ನಾದಕ್ಕೂ ಮೊದಲು ಮೌನವಾಗಿದ್ದವನೇ, ನಿನಗೆ ನಮಸ್ಕಾರ. ಕೋಗಿಲೆಯ ಕೊರಳನ್ನೂ ಗುಡುಗಿನ ಗಂಟಲನ್ನೂ ಒಂದೇ ಉಸಿರಿನಿಂದ ತುಂಬಿದ ನೀನು, ತಂತಿಗೆ ವಿದ್ಯುತ್ತನ್ನು ಕಟ್ಟಿಕೊಂಡು ಅರಚಿದ ಹುಡುಗರ ಹಾಡನ್ನೂ ಆಲಿಸಿದವನೇ ಅಲ್ಲವೆ? ಯಾವ ದನಿಯನ್ನೂ ಹೀನವೆಂದು ದೂರ ತಳ್ಳದ ದೇವನೇ, ಈ ಕಥೆಯನ್ನು ಹೇಳುವ ನಾಲಿಗೆ ತೊಡರದಂತೆ ಕಾಯಿ. ಕೇಳುವವರ ಕಿವಿಯಲ್ಲಿ ನೀನೇ ಕುಳಿತು ಕೇಳು.

ಹಳೆಯ ಧ್ವನಿಮುದ್ರಣಗಳನ್ನು ಸರಿಪಡಿಸುವುದನ್ನೇ ಕಸುಬಾಗಿ ಮಾಡಿಕೊಂಡ ಹೆಂಗಸೊಬ್ಬಳಿದ್ದಳು. ದರ್ಜಿಯ ಅಂಗಡಿಯ ಮೇಲಿನ ಮಹಡಿಯಲ್ಲಿ ಅವಳ ಕೋಣೆ. ಗೋಡೆಗೆಲ್ಲ ದಪ್ಪ ಪರದೆ, ನಡುವೆ ಒಲೆಯಷ್ಟು ದೊಡ್ಡ ಟೇಪ್ ಯಂತ್ರ, ಎದುರಿಗೆ ಎರಡು ಸ್ಪೀಕರು. ಕೆಳಗಿನ ಹೊಲಿಗೆ ಯಂತ್ರಗಳ ಟಕಟಕ ನಿಂತ ಹೊತ್ತಿನಲ್ಲಿ ಮಾತ್ರ ಸೂಕ್ಷ್ಮದ ಕೆಲಸ. ಆದುದರಿಂದ ದರ್ಜಿಯ ಊಟದ ವೇಳೆಯೇ ಅವಳ ತಪಸ್ಸಿನ ವೇಳೆ. ಚಿಕ್ಕಂದಿನಲ್ಲಿ ಒಂದು ಕಡೆ ನಿಲ್ಲದೆ ಪುಟಿಯುತ್ತಿದ್ದಳೆಂದು ಸೋದರಮಾವ ಇಟ್ಟ 'ಗುಬ್ಬಿ' ಎಂಬ ಹೆಸರು, ತಲೆಯಲ್ಲಿ ನಾಲ್ಕು ಬೆಳ್ಳಿಯೆಳೆ ಮೂಡಿದ ಮೇಲೂ ಅವಳನ್ನು ಬಿಟ್ಟಿರಲಿಲ್ಲ.

ಆ ಸೋದರಮಾವ ತನ್ನ ಕಾಲದಲ್ಲಿ ರೆಕಾರ್ಡು ಕೊರೆಯುವವನಾಗಿದ್ದ. ಟೇಪಿನ ಮೇಲಿದ್ದ ಹಾಡನ್ನು ಸೂಜಿಯ ಮೊನೆಯಿಂದ ಮೃದುವಾದ ತಟ್ಟೆಯೊಂದರ ಮೇಲೆ ಗೆರೆಯಾಗಿ ಕೊರೆಯುವುದು, ಆ ಗೆರೆಯಿಂದ ಅಚ್ಚು, ಆ ಅಚ್ಚಿನಿಂದ ಸಾವಿರಾರು ತಟ್ಟೆಗಳು. ಒಮ್ಮೆ ಅವನ ಸಂಸ್ಥೆ ಊರಿನ ಹನ್ನೆರಡು ರಾಕ್ ತಂಡಗಳಿಂದ ಒಂದೊಂದು ಹಾಡನ್ನು ಆರಿಸಿ ಒಂದೇ ತಟ್ಟೆಗೆ ತಂದಿತ್ತು. ಅದು ಮೋನೋ ತಟ್ಟೆ. ಎಂದರೆ, ಗಿಟಾರಾಗಲಿ ಡ್ರಮ್ಸ್ ಆಗಲಿ ಕೊರಳಾಗಲಿ ಎಲ್ಲವೂ ಒಂದೇ ದಾರಿಯಲ್ಲಿ ಹೆಗಲಿಗೆ ಹೆಗಲು ತಾಗಿಸಿಕೊಂಡು ಬರುವಂಥದು. ಎಡದ್ದೊಂದು ಬಲದ್ದೊಂದು ಎಂಬ ಭೇದ ಅಲ್ಲಿಲ್ಲ. ಏಳನೆಯ ಹಾಡನ್ನು ಹಾಡಿದವಳು ಮುಂದೆ ಅವನ ಕೈಹಿಡಿದಳು, ಗುಬ್ಬಿಗೆ ಅತ್ತೆಯಾದಳು.

ಮೊದಲ ಸಲ ಅಚ್ಚಾದ ಪ್ರತಿಗಳನ್ನು ಜನ ಕುಣಿದು ಕುಣಿದೇ ಸವೆಸಿದರು. ಮಾವ ಕೆಲಸ ಬಿಟ್ಟ ಎಷ್ಟೋ ವರ್ಷಗಳ ಅನಂತರ ಸಂಸ್ಥೆ ಅದೇ ಟೇಪಿನಿಂದ ಮತ್ತೊಮ್ಮೆ ತಟ್ಟೆಯನ್ನು ಹೊರತಂದಿತು. ಈಗ ಲೋಕಕ್ಕೆ ಗೊತ್ತಿರುವುದು ಈ ಎರಡನೆಯದೇ. ಮೊದಲ ಹಾಡೊಂದು ಹೊಳೆಯುತ್ತದೆ. ಉಳಿದವೆಲ್ಲ ಹಾಸಿಗೆಯ ಕೆಳಗೆ ಹೂತಿಟ್ಟು ಬಾರಿಸಿದಂತೆ. 'ಕಂಬಳಿ ರೆಕಾರ್ಡು' ಎಂಬ ಅಡ್ಡಹೆಸರೇ ಅದಕ್ಕೆ ಅಂಟಿತು. ಆದರೆ ಹೊದಿಕೆಯ ಹಿಂಬದಿಯಲ್ಲಿ 'ಧ್ವನಿ' ಎಂಬುದರ ಮುಂದೆ ಇದ್ದುದು ಮಾವನ ಹೆಸರು. ಅಪಕೀರ್ತಿಗೆ ವಿಳಾಸ ಹುಡುಕುವ ಶ್ರಮವೇ ಇರಲಿಲ್ಲ.

"ನಾನು ಕೊರೆದದ್ದು ಹೀಗಿರ್ಲಿಲ್ಲ" ಎಂದು ಅವನು ಹೇಳುತ್ತಲೇ ಬಂದ. ತೋರಿಸಲು ಸವೆಯದ ಹಳೆಯ ಪ್ರತಿಯೊಂದೂ ಇರಲಿಲ್ಲ, ಮೊದಲಿನ ದನಿ ಯಾರ ಕಿವಿಯಲ್ಲೂ ಸ್ಪಷ್ಟವಾಗಿ ಉಳಿದಿರಲಿಲ್ಲ. ನಂಬಬೇಕಾದವರೂ ಅರ್ಧ ನಂಬಿದರು. ಅತ್ತೆಯಂತೂ ಮನೆಗೆ ಬಂದವರೆದುರು, "ನನ್ನ ಬಾಯಿಗೆ ಹತ್ತಿ ತುರುಕಿದ ಪುಣ್ಯಾತ್ಮ ಇವರೇ. ಆ ಪಾಪ ಕಳ್ಕೊಳ್ಳೋಕೆ ನನ್ನ ಮದುವೆ ಆದ್ರು" ಎಂದು ನಗಿಸುತ್ತಿದ್ದಳು. ಮಾವನೂ ನಗುತ್ತಿದ್ದ, ಆದರೆ ಆ ನಗು ಕಣ್ಣಿನವರೆಗೆ ಏರುತ್ತಿರಲಿಲ್ಲ.

ಹೀಗಿರಲು ಸಂಸ್ಥೆಯ ಹೊಸ ಮ್ಯಾನೇಜರು ಆ ಟೇಪಿನ ಸುರುಳಿಯನ್ನು ಹಿಡಿದುಕೊಂಡು ಗುಬ್ಬಿಯ ಮಹಡಿ ಹತ್ತಿದ. ಕೆಟ್ಟ ಮನುಷ್ಯನಲ್ಲ, ಅವಸರದ ಮನುಷ್ಯ.

"ಮೇಡಂ, ಈಗಿನವರು ಹೆಡ್‌ಫೋನ್ ಹಾಕ್ಕೊಂಡು ಕೇಳೋರು. ಗಿಟಾರ್ ಎಡಕ್ಕೆಳೀರಿ, ಡ್ರಮ್ಸ್ ಬಲಕ್ಕೆ ತಳ್ಳಿ, ಅಗಲ ಮಾಡ್ಬಿಡಿ. ಹಿಂದಿನ ಆ ಧ್ವನಿಯವರ ಹೆಸರು ತೆಗೆದು 'ಹೊಸದಾಗಿ ರೂಪಿಸಿದ್ದು' ಅಂತ ಹಾಕೋಣ. ಆ ಹೆಸರು ನೋಡಿದ್ರೇನೇ ಜನ ಕಂಬಳಿ ಅಂತಾರೆ."

"ಆ ಹೆಸರು ನಮ್ಮ ಮಾವಂದು" ಎಂದಳು ಗುಬ್ಬಿ.

ಮ್ಯಾನೇಜರು ಕೆಮ್ಮಿದ. ಪರದೆಯ ನೇಯ್ಗೆಯನ್ನು ಬಹಳ ಮೆಚ್ಚಿಕೊಂಡ. ಕೊನೆಗೆ ಮಾತು ಹೀಗೆ ಇತ್ಯರ್ಥವಾಯಿತು: ಅವಳು ಮೋನೋವನ್ನು ಮೋನೋ ಆಗಿಯೇ ಸರಿಪಡಿಸಿ ಶುಕ್ರವಾರ ಸಂಸ್ಥೆಯಲ್ಲಿ ಕೇಳಿಸಬೇಕು. ಕೇಳುವಂತಿದ್ದರೆ ತಟ್ಟೆಯೂ ಹೆಸರೂ ಇದ್ದಂತೆಯೇ ಉಳಿಯುತ್ತವೆ. ಇಲ್ಲವಾದರೆ ತಟ್ಟೆ ಅಗಲವಾಗುತ್ತದೆ, ಹೆಸರು ಅಳಿಯುತ್ತದೆ.

ಮಾವನಿಗೆ ಸುದ್ದಿ ಮುಟ್ಟಿಸಿದಾಗ ಅವನು ಪತ್ರಿಕೆಯಿಂದ ತಲೆಯೆತ್ತಲಿಲ್ಲ. "ಸುಣ್ಣ ಬಳಿದು ನನ್ನ ಹೆಸರು ಉಳಿಸ್ಬೇಡ ಗುಬ್ಬಿ. ಟೇಪಲ್ಲಿ ಇಲ್ಲದ್ದು ಒಂದು ಹನಿ ಸೇರಿದ್ರೂ ನಾನೇ ಹೋಗಿ ಹೆಸರು ಹೊಡೆದು ಬರ್ತೀನಿ."

"ಸೇರಿಸಲ್ಲ ಮಾವ. ಆದ್ರೆ ಕೊರೆಯುವಾಗ ನೀವು ಏನು ಮಾಡಿದ್ರಿ ಅಂತಾದ್ರೂ ಹೇಳಿ."

"ಏನೂ ಮಾಡ್ಲಿಲ್ಲ. ಟೇಪ್ ಹಾಕ್ದೆ, ಕೇಳ್ದೆ, ಕೊರೆದೆ." ಏನೂ ಮಾಡದಿರುವುದೇ ತನ್ನ ವಿದ್ಯೆಯ ಶಿಖರವೆಂಬಂತೆ ಅವನು ಪುಟ ಮಗುಚಿದ.

ಗುಬ್ಬಿ ಶಾಸ್ತ್ರೋಕ್ತವಾಗಿಯೇ ತೊಡಗಿದಳು. ಟೇಪು ಲೋಹದ ಪುಟ್ಟ ತುಂಡೊಂದನ್ನು ಸವರಿಕೊಂಡು ಹೋಗುತ್ತದೆ. ಅದಕ್ಕೆ ಹೆಡ್ ಎಂದು ಹೆಸರು, ದನಿಯನ್ನು ಓದುವುದು ಅದೇ. ಹೆಡ್ಡು ಟೇಪಿಗೆ ಸರಿನೇರ ನಿಲ್ಲಬೇಕು; ಕೂದಲೆಳೆಯಷ್ಟು ಓರೆಯಾದರೂ ತಾರದ ಸ್ವರಗಳೆಲ್ಲ ಮಂಕಾಗುತ್ತವೆ. ಅದನ್ನು ನೇರ ಮಾಡಿಕೊಳ್ಳಲೆಂದೇ ಸುರುಳಿಯ ಆರಂಭದಲ್ಲಿ ಒಂದೇ ಸಮನಾದ ಸಿಳ್ಳನ್ನು ಮುದ್ರಿಸಿರುತ್ತಾರೆ. ಸಿಳ್ಳು ಅತ್ಯಂತ ಸ್ಫುಟವಾಗುವವರೆಗೆ ಹೆಡ್ಡಿನ ಪಕ್ಕದ ತಿರುಪನ್ನು ತಿರುಗಿಸುವುದು, ಮತ್ತೆ ಅದನ್ನು ಮುಟ್ಟದಿರುವುದು, ಇದು ಆ ಕಸುಬಿನವರೆಲ್ಲರ ನಿಯಮ. ಅವಳೂ ಹಾಗೆಯೇ ಮಾಡಿದಳು. ಮೊದಲ ಹಾಡು ಕನ್ನಡಿಯಂತೆ ಬಂದಿತು. ಎರಡನೆಯದರಿಂದ ಕಂಬಳಿ.

ತಾರಸ್ವರಗಳನ್ನು ಯಂತ್ರದಿಂದ ಎತ್ತಿ ನೋಡಿದಳು. ಹಾಡು ಏಳಲಿಲ್ಲ, ಟೇಪಿನ ಸುಯ್ಲು ಎದ್ದಿತು. ನಾಚಿಕೊಂಡು ಇಳಿಸಿದಳು. ಟೇಪಿಗೇ ವಯಸ್ಸಾಗಿ ದನಿ ಬಾಡಿರಬಹುದೆಂಬ ಭಯ ಗುರುವಾರದ ಹೊತ್ತಿಗೆ ನಂಬಿಕೆಯಾಗತೊಡಗಿತು.

ಅಂದು ಮಧ್ಯಾಹ್ನ ಅತ್ತೆ ಊಟದ ಡಬ್ಬಿ ಹಿಡಿದು ಬಂದಳು. ಏಳನೆಯ ಹಾಡು ಓಡುತ್ತಿತ್ತು.

"ಅಯ್ಯೋ, ನೆಗಡಿಯಾದ ಎಮ್ಮೆ! ಇನ್ನೂ ಬದುಕಿದೆಯಾ ಅದು?" ಎಂದು ಅತ್ತೆ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದಳು.

"ಅತ್ತೆ, ನಿಜ ಹೇಳಿ. ನೀವು ಹಾಡಿದ್ದೇ ಹೀಗೇನಾ?"

"ಕಪಾಳಕ್ಕೆ ಬಿದ್ದೀತು! ನಾನು ಹಾಡಿದ್ರೆ ಪಕ್ಕದ ಬೀದಿ ನಾಯಿ ಎದ್ದು ಕೂತ್ಕೊಳ್ಳೋದು." ಅತ್ತೆ ಕುರ್ಚಿ ಎಳೆದುಕೊಂಡಳು. "ನಮ್ಮ ಬೇಸ್ ಗಿಟಾರಿನವನ ಕಾರ್ ಶೆಡ್ಡಲ್ಲಿ ರೆಕಾರ್ಡ್ ಮಾಡಿದ್ದು. ಅವನ ಭಾವನಿಂದ ಎರವಲು ತಂದ ಮಿಷಿನ್ನು. ದಾರೀಲಿ ಸ್ಕೂಟರಿಂದ ಬಿದ್ದು, ಒಳಗಿನ ಆ ಓದೋ ತುಂಡು ಇದೆಯಲ್ಲ, ಅದು ಸೊಟ್ಟ ಆಗಿತ್ತು. ಆಗ್ಲಿ ಬಿಡು ಅಂತ ಅದ್ರಲ್ಲೇ ಮಾಡಿದ್ವಿ. ತಮಾಷೆ ಗೊತ್ತಾ? ಆ ಸೊಟ್ಟ ಮಿಷಿನ್ನಲ್ಲಿ ಕೇಳಿದ್ರೆ ಗಂಟೆ ಬಾರಿಸಿದ ಹಾಗಿತ್ತು. ಬೇರೆಯವರ ಮನೆ ಮಿಷಿನ್ನಲ್ಲಿ ಕೇಳಿದ್ರೆ ಇದೇ ಎಮ್ಮೆ."

ಗುಬ್ಬಿ ತುತ್ತು ಕೈಯಲ್ಲೇ ಹಿಡಿದು ನಿಂತುಬಿಟ್ಟಳು.

ಓರೆಯಾಗಿ ಬರೆದದ್ದನ್ನು ಓರೆಯಾಗಿಯೇ ಓದಬೇಕು. ಹನ್ನೆರಡು ತಂಡಗಳು, ಹನ್ನೆರಡು ಕೋಣೆಗಳು, ಹನ್ನೆರಡು ಯಂತ್ರಗಳು. ಒಂದೊಂದರ ಹೆಡ್ಡೂ ತನ್ನದೇ ಆದ ಓರೆಯಲ್ಲಿ ನಿಂತು ಬರೆದಿತ್ತು. ಸಂಸ್ಥೆಯವರು ಆ ತುಂಡುಗಳನ್ನು ನಡುನಡುವೆ ಬಿಳಿಯ ಪಟ್ಟಿ ಕೊಟ್ಟು ಒಂದೇ ಸುರುಳಿಯಾಗಿ ಅಂಟಿಸಿದ್ದರು. ಸಿಳ್ಳೂ ಮೊದಲ ಹಾಡೂ ಮಾತ್ರ ಸಂಸ್ಥೆಯ ಸ್ವಂತ ಯಂತ್ರದವು. ಟೇಪಿನ ಬಣ್ಣ ಹಾಡಿನಿಂದ ಹಾಡಿಗೆ ಕಂದು, ಕಡುಗಂದು, ಬೂದಿ ಎಂದು ಬದಲಾಗುವುದನ್ನು ಅವಳು ದಿನವೂ ಕಣ್ಣಾರೆ ನೋಡುತ್ತಿದ್ದಳು. ಸಿಳ್ಳು ಸಾಕ್ಷಿ ಹೇಳಿದ ಮೇಲೆ ಕಣ್ಣನ್ನು ಕೇಳುವವರು ಯಾರು? ಹಲವು ಕೈಗಳು ಬರೆದ ಹಳೆಯ ಗ್ರಂಥವೊಂದರ ಮೊದಲ ಪುಟ ಶುದ್ಧವಾಗಿದೆಯೆಂದು ಇಡೀ ಗ್ರಂಥವನ್ನು ಅದೇ ಕನ್ನಡಕದಿಂದ ಓದಲು ಕುಳಿತವರ ಪ್ರಮಾದವದು. ಕಲಿಯದವರು ಅದನ್ನು ಮಾಡಲಾರರು, ಅದಕ್ಕೆ ಕಲಿತಿರಬೇಕು.

ಮೋನೋದಲ್ಲಿ ಒಂದು ಸೊಗಸಿದೆ. ಅವಳ ಯಂತ್ರದ ಹೆಡ್ಡಿಗೆ ಎರಡು ಭಾಗ. ಎರಡೂ ಓದುವುದು ಒಂದೇ ದನಿಯನ್ನು. ಒಂದರಿಂದ ಇನ್ನೊಂದನ್ನು ಕಳೆದಾಗ ಏನಾದರೂ ಉಳಿದರೆ, ಬರೆದ ಓರೆಗೆ ಹೆಡ್ಡು ಹೊಂದಿಲ್ಲ. ಏನೂ ಉಳಿಯದಿದ್ದರೆ ಹೊಂದಿದೆ. ಎರಡಾಗಿ ತೋರಿದ್ದು ಒಂದೇ ಎಂದು ತಿಳಿಯುವ ಕ್ಷಣದಲ್ಲಿ ಅಲ್ಲಿ ಕೇಳಿಸುವುದು ಶುದ್ಧ ಮೌನ.

ಗುಬ್ಬಿ ಕೈ ತೊಳೆದು ಬಂದು, ಕಳೆದುಳಿದ ದನಿಗೆ ಕಿವಿಯಿಟ್ಟು ತಿರುಪನ್ನು ಒಂದಿಷ್ಟು ತಿರುಗಿಸಿದಳು. ಸ್ಪೀಕರಿನಲ್ಲಿ ಸಿಡಿಯುತ್ತಿದ್ದ ಕಿಚಿಪಿಚಿ ತೆಳುವಾಯಿತು, ತಗ್ಗಿತು, ಇಲ್ಲವಾಯಿತು. ಅಲ್ಲಿಗೆ ನಿಲ್ಲಿಸಿ ಎರಡನ್ನೂ ಕೂಡಿಸಿದಳು.

ಕಾರ್ ಶೆಡ್ಡಿನ ತಗಡಿನ ಛಾವಣಿ ಕೇಳಿಸಿತು. ಡ್ರಮ್ಮಿನ ಕಡ್ಡಿ ಹಿತ್ತಾಳೆಯ ತಟ್ಟೆಗೆ ತಾಗಿ ಜಾರುವುದು ಕೇಳಿಸಿತು. ಪಲ್ಲವಿಗೆ ಮೊದಲು ಎಳೆಯ ಹೆಣ್ಣೊಬ್ಬಳು ಎದೆ ತುಂಬ ಉಸಿರೆಳೆದುಕೊಂಡದ್ದು ಕೇಳಿಸಿತು. ಮರುಕ್ಷಣವೇ ಆ ಕೊರಳು ಕೋಣೆಯನ್ನೆಲ್ಲ ಸೀಳಿಕೊಂಡು ಬಂದಿತು.

ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡಳು. ಹಾಡು ಮುಗಿದ ಮೇಲೆ, "ನಾಯಿ ಏಳೋದು ಸುಳ್ಳಲ್ಲ, ನೋಡಿದ್ಯಾ?" ಎಂದಳು. ಆಮೇಲೆ ಮೆಲ್ಲಗೆ, "ನಿಮ್ಮ ಮಾವನಿಗೆ ನಾಳೆವರೆಗೂ ಹೇಳ್ಬೇಡ ಕಣೇ. ಅವರ ಮುಖ ನಾನು ನೋಡ್ಬೇಕು."

ಆ ರಾತ್ರಿ ಗುಬ್ಬಿ ಉಳಿದ ಹಾಡುಗಳನ್ನೂ ಹೀಗೆಯೇ ಒಂದೊಂದಾಗಿ ಸರಿಪಡಿಸಿ ಹೊಸ ಟೇಪಿಗೆ ಇಳಿಸಿದಳು. ಶುಕ್ರವಾರ ಬೆಳಗ್ಗೆ ಸಂಸ್ಥೆಯ ಕೋಣೆಯಲ್ಲಿ ಮ್ಯಾನೇಜರು, ಅತ್ತೆ, ಮಾವ, ಮೂರನೆಯ ಹಾಡಿಗೆ ಡ್ರಮ್ಸ್ ಬಾರಿಸಿದ್ದ ಬೊಕ್ಕತಲೆಯ ಮುದುಕ, ಇಷ್ಟು ಜನ. ಮಾವನಿಗೆ ಎಡಗಿವಿ ಕೇಳಿಸದು. "ಒಂದೇ ಕಿವಿಯವನಿಗೆ ಮೋನೋ ಸಾಕು, ನನಗೇನೂ ನಷ್ಟವಿಲ್ಲ" ಎಂದು ಬಲಗಿವಿಯನ್ನು ಸ್ಪೀಕರಿನ ಕಡೆ ತಿರುಗಿಸಿ ಕುಳಿತ. ಆದರೆ ಮಡಿಲಿನಲ್ಲಿ ಕೈಬೆರಳುಗಳು ಒಂದನ್ನೊಂದು ಹಿಂಡುತ್ತಿದ್ದವು.

ಎರಡನೆಯ ಹಾಡು ಮೊದಲಾದೊಡನೆ ಬೆರಳುಗಳು ನಿಂತವು. ಮೂರನೆಯದರಲ್ಲಿ ಡ್ರಮ್ಮರು ಕುರ್ಚಿಯ ತೋಳನ್ನು ಬಡಿಯತೊಡಗಿ, "ಏಯ್, ಇದು ನಾನು ಕಣಯ್ಯಾ! ಇದು ನಾನೇ!" ಎಂದು ಮ್ಯಾನೇಜರನ ತೊಡೆಗೊಂದು ಬಿಟ್ಟ. ಏಳನೆಯದಕ್ಕೆ ಮಾವ ಹೆಂಡತಿಯ ಕಡೆ ನೋಡಿದ. ಅವಳು ಅವನನ್ನೇ ನೋಡುತ್ತಿದ್ದಳು.

ಎಂಟನೆಯದು ಮುಗಿದಾಗ ಮ್ಯಾನೇಜರು ಟೇಪನ್ನು ನಿಲ್ಲಿಸಲು ಕೈಯೆತ್ತಿದ. "ಮೇಡಂ, ಎಷ್ಟು ಟ್ರೆಬಲ್ ಏರಿಸಿದ್ರಿ?"

"ಒಂದು ಕಾಳಿನಷ್ಟೂ ಇಲ್ಲ." ಗುಬ್ಬಿ ತಿರುಪಿನ ಸಂಗತಿಯನ್ನು ವಿವರಿಸಿದಳು.

ಮಾವ ಅವಳತ್ತ ತಿರುಗಿದ. "ಅಂದ್ರೆ, ಎರಡನೇ ಸಲ ಕೊರೆದವರು ಹಾಡು ಹಾಡಿಗೂ ತಿರುಪು ತಿರುಗಿಸ್ಲೇ ಇಲ್ವಾ?"

"ಯಾಕೆ ತಿರುಗಿಸ್ತಾರೆ ಮಾವ? ಸಿಳ್ಳಿಗೆ ಒಂದ್ಸಲ ಇಟ್ಟ ಮೇಲೆ ಮುಟ್ಟಬಾರ್ದು ಅಂತಲ್ವಾ ಪಾಠ?"

"ಪಾಠ ಇರ್ಲಿ, ಕಿವಿ ಬೇಡ್ವಾ? ಹಾಡು ಮುಗಿಯುತ್ತೆ, ಬಿಳಿ ಪಟ್ಟಿ ಬರುತ್ತೆ, ಅಷ್ಟರಲ್ಲಿ ಒಂಚೂರು ಹಿಂಗೆ..." ಅವನ ಹೆಬ್ಬೆರಳು ತೋರುಬೆರಳು ಗಾಳಿಯಲ್ಲಿ ತಾವಾಗಿಯೇ ತಿರುಗಿದವು. "ಕನ್ನಡಕ ಸರಿ ಮಾಡ್ಕೊಂಡ ಹಾಗೆ. ಇದೂ ಒಂದು ಹೇಳೋ ಮಾತಾ?"

"ನೋಡಿದ್ರಾ!" ಅತ್ತೆ ಎದ್ದು ನಿಂತಳು. "ಏನೂ ಮಾಡ್ಲಿಲ್ಲ, ಏನೂ ಮಾಡ್ಲಿಲ್ಲ ಅಂತ ಜಂಬ ಕೊಚ್ಕೊಂಡು, ಮಾಡಿದ್ದೇ ಮರೆತ ಮಹಾನುಭಾವರು! ಟೇಪಿನ ಡಬ್ಬಿ ಮೇಲೆ 'ತಿರುಪು ತಿರುಗಿಸಿ' ಅಂತ ಒಂದು ಸಾಲು ಬರೆದಿದ್ರೆ ನಾನು ಇಷ್ಟು ವರ್ಷ ಎಮ್ಮೆ ಆಗ್ತಿರ್ಲಿಲ್ಲ."

ಕೋಣೆಯೆಲ್ಲ ನಕ್ಕಿತು. ಮ್ಯಾನೇಜರು ನಗುತ್ತಲೇ ಕೈಮುಗಿದ. "ಅಗಲ ಮಾಡೋ ಮಾತು ನಾನು ಆಡೇ ಇಲ್ಲ ಅಂದ್ಕೊಳ್ಳಿ. ಉಳಿದಿದ್ದನ್ನೂ ಕೇಳೋಣ."

ಒಂಬತ್ತನೆಯ ಹಾಡು ಬಂದಿತು. ಮಾವನ ಹುಬ್ಬು ಗಂಟಿಕ್ಕಿತು. "ನಿಲ್ಲಿಸು. ಇದು ಹೀಗಿರ್ಲಿಲ್ಲ."

ಮ್ಯಾನೇಜರನ ನಗು ಅರ್ಧಕ್ಕೆ ನಿಂತಿತು. ಗುಬ್ಬಿ ಏನನ್ನೋ ಸೇರಿಸಿದ್ದಾಳೆಂದು ಮಾವ ಹೇಳಿದರೆ, ಹೇಳಿದಂತೆ ತನ್ನ ಹೆಸರನ್ನು ತಾನೇ ಹೊಡೆದುಹಾಕಿಯಾನು. ಅವನ ಹಟ ಅವಳಿಗೆ ಗೊತ್ತು. "ಏನೂ ಸೇರಿಸಿಲ್ಲ ಮಾವ" ಎನ್ನುವಾಗ ಅವಳ ದನಿ ಹುಡುಗಿಯದಾಗಿತ್ತು.

"ಮತ್ತೆ ಹಾಕು."

ಮತ್ತೆ ಹಾಕಿದಳು. ಅವನು ಕಣ್ಣುಮುಚ್ಚಿ ಬಲಗಿವಿಯನ್ನು ಸ್ಪೀಕರಿಗೆ ತಾಗುವಷ್ಟು ಬಳಿಗೆ ತಂದ. ಮುಖ್ಯ ಗಿಟಾರಿನ ಬೆನ್ನಿಗೆ ಇನ್ನೊಂದು ಗಿಟಾರು ಬಹು ಮೆಲ್ಲಗೆ, ನೆರಳಿನಂತೆ, ಅದೇ ರಾಗವನ್ನು ಒಂದು ಮೆಟ್ಟಿಲು ಮೇಲಿನಿಂದ ಹೇಳುತ್ತಿತ್ತು. ಹಾಡು ಮುಗಿಯಿತು. ಅವನು ಕಣ್ಣು ತೆರೆದ.

"ಎರಡನೇ ಗಿಟಾರ್ ಇದೆ ಇದ್ರಲ್ಲಿ. ನಾನು ಕೊರೆದಾಗ ಅದು ನನಗೆ ಕೇಳ್ಸಿರ್ಲಿಲ್ಲ." ಅವನು ಮ್ಯಾನೇಜರನ ಕಡೆಗೆ ತಿರುಗಿದ. "ಒಂಬತ್ತಕ್ಕೆ ಮುಂಚೆ ಬಿಳಿ ಪಟ್ಟಿ ಗಿಡ್ಡ. ಆತುರದಲ್ಲಿ ತಿರುಪು ಪೂರ್ತಿ ಬಂದಿರೋಲ್ಲ. ನಂದು ತಪ್ಪು, ಇವಳದ್ದು ಸರಿ."

"ಆಯ್ತು ಬಿಡಿ ಸಾರ್, ಯಾರಿಗೆ ಗೊತ್ತಾಗುತ್ತೆ? ನಿಮ್ಮ ಹೆಸರು ಹಾಗೇ ಇರುತ್ತೆ" ಎಂದ ಮ್ಯಾನೇಜರು.

"ಹಾಗೇ ಹೇಗಿರುತ್ತೆ? ಹನ್ನೊಂದು ಹಾಡಿಗೆ ನನ್ನ ಹೆಸರು ಹಾಕಿ, ಎಷ್ಟು ದೊಡ್ಡದಾಗಿ ಬೇಕೋ ಅಷ್ಟು ದೊಡ್ಡದಾಗಿ. ಒಂಬತ್ತಕ್ಕೆ ಗುಬ್ಬಿದು." ಮಾವ ಎದೆಯೆತ್ತಿ ನಿಂತ, ಸೋತವನ ನಿಲುವಲ್ಲ ಅದು, ತನ್ನ ಮನೆಯ ಮಗು ತನ್ನ ಭುಜಕ್ಕಿಂತ ಎತ್ತರ ಬೆಳೆದದ್ದನ್ನು ಅಳೆದು ನೋಡಿದವನ ನಿಲುವು. "ಗುಬ್ಬಿ ಅಂತಲ್ಲ ಮತ್ತೆ, ಪೂರ್ತಿ ಹೆಸರು. ಅಕ್ಷರ ತಪ್ಪಿದ್ರೆ ನಾನು ಬರ್ತೀನಿ."

"ಆ ಹನ್ನೊಂದರಲ್ಲಿ ನಂದೂ ಇದೆ ತಾನೆ?" ಎಂದಳು ಅತ್ತೆ.

"ಅದನ್ನೇ ಮೊದಲು ಎಣಿಸಿದ್ದು" ಎಂದ ಮಾವ. ಈ ಸಲ ನಗು ಕಣ್ಣಿಗೂ ಏರಿತು.

ತಟ್ಟೆ ಹಾಗೆಯೇ ಅಚ್ಚಾಯಿತು. ಹನ್ನೊಂದಕ್ಕೆ ಒಂದು ಹೆಸರು, ಒಂದಕ್ಕೆ ಇನ್ನೊಂದು. ಹೊದಿಕೆಯ ಹಿಂಬದಿಯಲ್ಲಿ ಒಂದರ ಕೆಳಗೊಂದು.

ಈ ಕಥೆಯನ್ನು ಕೇಳಿದವರ ಕಿವಿ ಕಡೆಯವರೆಗೂ ತಿಳಿಯಾಗಿರಲಿ. ಅವರ ಕೈಯ ಕೆಲಸಕ್ಕೆ ತಕ್ಕ ಹೆಸರು ಅವರು ಬದುಕಿರುವಾಗಲೇ ಬರಲಿ. ತಮಗಿಂತ ಚೆನ್ನಾಗಿ ಬಲ್ಲ ಕಿರಿಯರು ಅವರ ಮನೆಯಲ್ಲಿ ಹುಟ್ಟಲಿ. ಅದನ್ನು ನಾಲ್ಕು ಜನರೆದುರು ಹೇಳುವ ಗಟ್ಟಿ ಎದೆಯನ್ನು ದೇವರು ಕೊಡಲಿ. ಎಲ್ಲರಿಗೂ ಒಳಿತಾಗಲಿ.