ಕಟ್ ಮಾಡುವ ಮರ್ಯಾದೆ

ರೂಪ್ಲಪ್ಪನ ಎದೆಕಿಸೆಗೆ ಮೊಬೈಲು ಬಂದು ಇಪ್ಪತ್ತು ವರ್ಷಗಳ ಹತ್ತಿರವಾಯಿತು. ಇಷ್ಟು ಕಾಲದಲ್ಲಿ ಆತ ಅದರೊಳಗೆ ಒಂದೇ ಒಂದು ಮಾತನ್ನೂ ಆಡಿದವನಲ್ಲ. ಹಾಗೆಂದು ಆತನನ್ನು ಮೌನವ್ರತಿಯೆಂದು ಯಾರೂ ಭಾವಿಸಬಾರದು. ಚಿಗಳ್ಳಿಯ ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ ಆತ ಒಮ್ಮೆ ಒಂದು ಕತೆ ಎತ್ತಿಕೊಂಡಾಗ ಎದುರಿನ ಗದ್ದೆಯಲ್ಲಿ ಭತ್ತದ ಬಿತ್ತನೆ ನಡೆದಿತ್ತು. ಕತೆ ಮುಗಿಸಿ ಧೂಳು ಕೊಡವಿಕೊಂಡು ಎದ್ದಾಗ ಅದೇ ಗದ್ದೆಯ ಭತ್ತದ ಒಕ್ಕಣೆಯಾಗುತ್ತಿತ್ತು. ನಡುವೆ ಅಂಗಡಿಯವನು ಗೋಡೆಗೆ ಸುಣ್ಣ ಹೊಡೆಸಿ, ಮಗಳ ಮದುವೆಯನ್ನೂ ಮಾಡಿ ಮುಗಿಸಿದ್ದ. ಕೇಳುವವರು ಬೇಸತ್ತು ಚಪ್ಪಲಿ ಹುಡುಕತೊಡಗಿದರೆ ಸಾಕು, "ಇಷ್ಟಕ್ಕ ಮುಗೀಲಿಲ್ಲ, ಮುಂದ ಕೇಳ್ರಿ" ಎಂದು ಅವರ ಮೊಣಕಾಲಿನ ಮೇಲೆ ಕೈಯಿಟ್ಟು ಮತ್ತೆ ಕೂರಿಸಿಬಿಡುತ್ತಾನೆ. ನಾನೂ ಹಾಗೆ ಕೂತವರಲ್ಲೊಬ್ಬ.

ನಡೆಯುವಾಗ ಆತನ ಬಲಗೈ ಸದಾ ಎಡ ಎದೆಯ ಮೇಲಿರುತ್ತದೆ. ಮೊಬೈಲು ಜಾರಿ ಬೀಳಬಾರದೆಂಬ ಎಚ್ಚರ ಅದು, ಬೇರೇನಲ್ಲ. ಆದರೆ ಆ ಭಂಗಿಯಲ್ಲಿ, ತುಸು ಎಡಕ್ಕೆ ವಾಲಿ, ಧ್ವಜವಂದನೆಗೆ ಹೊರಟವನಂತೆ ಆತ ರಸ್ತೆಯಂಚಿನಲ್ಲಿ ಬರುತ್ತಿದ್ದಾಗ, ಹುಬ್ಬಳ್ಳಿಯ ಹೃದಯವೈದ್ಯರೊಬ್ಬರು ಕಾರು ನಿಲ್ಲಿಸಿ ಇಳಿದು ಬಂದು ನಾಡಿ ಹಿಡಿದರಂತೆ. ಕತೆ ಕೇಳಿ ಕೇಳಿ ಕೊನೆಗೆ ವೈದ್ಯರ ನಾಡಿಯನ್ನೇ ಬೇರೆ ಯಾರೋ ನೋಡಬೇಕಾಯಿತೆಂದು ಚಿಗಳ್ಳಿಗೆ ಹೊಂದಿದ ಆತನ ಲಂಬಾಣಿ ತಾಂಡಾದವರು ಹೇಳುತ್ತಾರೆ.

ಇಂಥ ವಾಚಾಳಿ ಫೋನಿನಲ್ಲಿ ಮಾತಾಡದಿರುವುದಕ್ಕೆ ಕಾರಣ ಸರಳವಾಗಿದೆ. ನಿಮಿಷಕ್ಕಿಷ್ಟೆಂದು ಹಣ ಕೊಟ್ಟು ಮಾತಾಡುತ್ತಿದ್ದ ಕಾಲದಲ್ಲಿ ಆತ ಮೊಬೈಲು ಕೊಂಡ. ತನ್ನ ಅತಿ ಚಿಕ್ಕ ಮಾತಿಗೂ ಒಂದು ತಾಸು ಹಿಡಿಯುತ್ತದೆಂಬುದು ಆತನಿಗೆ ಗೊತ್ತಿತ್ತು. ಆದ್ದರಿಂದ ಮಾತಿನ ಗೊಡವೆಯನ್ನೇ ಬಿಟ್ಟು, ಮಿಸ್ಡ್ ಕಾಲಿನ ಮೇಲೆ ಒಂದು ಸಂವಿಧಾನವನ್ನೇ ರಚಿಸಿದ. ಒಂದು ರಿಂಗು ಕೊಟ್ಟು ನಿಲ್ಲಿಸಿದರೆ ಕ್ಷೇಮವಾಗಿ ಮುಟ್ಟಿದೆವೆಂದು. ಎರಡು ಕೊಟ್ಟರೆ ಊಟಕ್ಕೆ ಬರುತ್ತೇವೆ, ರೊಟ್ಟಿ ಬಡಿಯಿರೆಂದು. ಇನ್ನು ಕರೆ ಬಂದ ಕೂಡಲೇ ಈ ಕಡೆಯಿಂದ ಕಟ್ ಮಾಡುವುದು ಆ ಸಂವಿಧಾನದ ಅತ್ಯುನ್ನತ ವಿಧಿ: ನಿಮ್ಮ ಮಾತು ನನ್ನ ತಲೆಯ ಮೇಲೆ, ಸುಮ್ಮನೆ ಖರ್ಚು ಮಾಡಿಕೊಳ್ಳಬೇಡಿ ಎಂಬ ಗೌರವ ಅದರಲ್ಲಿ ಅಡಗಿತ್ತು. ಎಷ್ಟು ಬೇಗ ಕಟ್ ಮಾಡಿದರೆ ಅಷ್ಟು ಹೆಚ್ಚಿನ ಮರ್ಯಾದೆ. ತಾಂಡಾದ ಮಕ್ಕಳು ಅಕ್ಷರ ಕಲಿಯುವ ಮೊದಲು ಇದನ್ನು ಕಲಿತವು.

ಎಲ್ಲೋ ತಂಪು ದೇಶಗಳಲ್ಲಿ ಮೇಜಿನ ಸುತ್ತ ಕೂತ ಎಂಜಿನಿಯರುಗಳು, ಧ್ವನಿಯನ್ನು ಹೇಗೆ ಪುಡಿಮಾಡಬೇಕು, ಯಾವ ಅಲೆಯ ಮೇಲೆ ಹತ್ತಿಸಬೇಕು ಎಂದು ಒಪ್ಪಂದದ ಮೇಲೆ ಒಪ್ಪಂದ ಮಾಡಿಕೊಳ್ಳುತ್ತ ಎರಡನೆಯ ಜಿಯಿಂದ ಮೂರಕ್ಕೆ, ಮೂರರಿಂದ ನಾಲ್ಕಕ್ಕೆ ಜಗತ್ತನ್ನು ನೂಕಿದರು. ತಾಂಡಾದ ಬಳಿಯ ಟವರಿನ ಹಳೆಯ ಯಂತ್ರ ಇಳಿದು ಹೊಸತು ಏರಿತು. ರೂಪ್ಲಪ್ಪನ ಮೊದಲಿನ ಮೊಬೈಲು ಒಂದು ಬೆಳಿಗ್ಗೆ ಗರ ಬಡಿದಂತೆ ಸುಮ್ಮನಾಯಿತು. ಮುಂಡಗೋಡದ ಮೊಬೈಲ್ ಅಂಗಡಿಯ ಸುಭಾಷ ಹೊಸದೊಂದನ್ನು ಕೈಗಿತ್ತ. ಅದು ನಂಬರು ಒತ್ತಿದ ಮೇಲೆ ಉಸಿರೆಳೆದುಕೊಂಡು ರಿಂಗಾಗುತ್ತಿತ್ತು. ಇಲ್ಲಿ ಒಂದೆಂದು ಕೊಟ್ಟದ್ದು ಅಲ್ಲಿ ಎರಡಾಗಿ ಕೇಳಿಸಿ, ಪಕ್ಕದ ಮನೆಯ ಫೋನಿನ ರಿಂಗು ಎಣಿಸುತ್ತಿದ್ದ ಹೆಂಡತಿ ಗೌರಿಬಾಯಿ ಇಲ್ಲದ ನೆಂಟರಿಗೆ ರೊಟ್ಟಿ ಬಡಿದು ಬಡಿದು ಸೋತಳು. ರೂಪ್ಲಪ್ಪ ಎದೆಗುಂದಲಿಲ್ಲ. ರಿಂಗಿನ ವಿಧಿಗಳನ್ನು ತಿದ್ದುವವರೆಗೆ ಅಮಾನತ್ತಿನಲ್ಲಿಟ್ಟ. ಕಟ್ ಮಾಡುವ ವಿಧಿಗೆ ಮಾತ್ರ ಯಾವ ಜಿಯಿಂದಲೂ ಧಕ್ಕೆಯಿಲ್ಲವೆಂದು ಘೋಷಿಸಿದ.

ಧಕ್ಕೆ ಬಂದದ್ದು ರಾಮನಗರದಿಂದ.

ಮಗಳು ಮಾಯಾಳನ್ನು ಗೋವಾ ಗಡಿಯ ಹತ್ತಿರದ ಆ ಊರಿಗೆ ಕೊಟ್ಟಿದ್ದರು. ಅತ್ತೆ ನಿರ್ಮಲಾಬಾಯಿ ಗೋವಾ ರಸ್ತೆಯ ಮೇಲೆ ಖಾನಾವಳಿ ನಡೆಸುವ ಗಟ್ಟಿಗಿತ್ತಿ. ರಿಂಗು ಹುಟ್ಟುವ ಮೊದಲೇ ಫೋನೆತ್ತಿ, ಎರಡು ಕಿವಿಗೆ ಎರಡು ಫೋನಿಟ್ಟು, ನಡುವಿನ ಬಾಯಿಂದ ಅಡುಗೆಯವನನ್ನು ಬೈಯಬಲ್ಲ ಹೆಂಗಸು. ಮಾಯಾಳಿಗೆ ಏಳು ತಿಂಗಳಾಯಿತು. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕು, ತವರಿನವರು ಬಂದು ಕರೆದೊಯ್ಯಬೇಕು. ದಿನ ಗೊತ್ತುಮಾಡಲು ನಿರ್ಮಲಾಬಾಯಿ ಬೀಗರಿಗೆ ಫೋನು ಮಾಡಿದಳು. ಬೀಗತಿಯ ಕರೆಯೆಂದು ತಿಳಿದು ರೂಪ್ಲಪ್ಪ ಸಂಭ್ರಮದಿಂದ ಕಟ್ ಮಾಡಿದ. ಆಕೆ ಮತ್ತೆ ಮಾಡಿದಳು. ಎಂಥ ಆದರವುಳ್ಳ ಹೆಂಗಸೆಂದು ಬೆರಗಾಗಿ ಇನ್ನೂ ಚುರುಕಾಗಿ ಕಟ್ ಮಾಡಿದ. ಆ ವಾರವೆಲ್ಲ ರಾಮನಗರದಿಂದ ಸಿಟ್ಟು ಹೋಗುತ್ತಿತ್ತು, ಚಿಗಳ್ಳಿಯಿಂದ ಮರ್ಯಾದೆ ಬರುತ್ತಿತ್ತು.

ಸಂತೆಯ ದಿನ ಸುಭಾಷನ ಅಂಗಡಿಯ ಫೋನಿಗೆ ಮಾಯಾ ಕರೆಮಾಡಿ, ಸಂತೆಗೆ ಬಂದಿದ್ದ ತಾಯಿಯನ್ನು ಕರೆಸಿಕೊಂಡಳು. ಅಪ್ಪ ತನ್ನ ಬಾಯಿಂದ ಫೋನಿನಲ್ಲಿ ಮಾತಾಡುವವರೆಗೂ ಸೊಸೆಯನ್ನು ಕಳಿಸುವುದಿಲ್ಲ, ಹೆರಿಗೆ ಇಲ್ಲಿಯೇ ಆಗಲಿ, ಎಂದು ಅತ್ತೆ ಹಟ ಹಿಡಿದಿದ್ದಾಳೆಂಬುದು ಸುದ್ದಿ. ಹೇಳುತ್ತ ಹೇಳುತ್ತ ಹುಡುಗಿ ಅತ್ತಳಂತೆ.

ಗೌರಿಬಾಯಿ ಗಂಡನನ್ನು ಸಂತೆಯ ಚಹಾದಂಗಡಿಯಿಂದ ಎಬ್ಬಿಸಿಕೊಂಡು ಬಂದು ಸುಭಾಷನೆದುರು ನಿಲ್ಲಿಸಿದಳು. ಬೀಗತಿಯ ಖರ್ಚು ಉಳಿಸಿದ್ದು ತಪ್ಪೇ ಎಂದು ಆತ ಕೇಳಿದ.

"ಕಾಕಾ, ಈಗ ಮಾತಿಗೆ ಬ್ಯಾರೆ ರೊಕ್ಕ ಇಲ್ಲ" ಎಂದ ಸುಭಾಷ. "ಒಮ್ಮೆ ರಿಚಾರ್ಜ್ ಮಾಡಿದ್ರ ತಿಂಗಳೆಲ್ಲ ಫುಕ್ಕಟ."

"ಫುಕ್ಕಟ ಮಾತಿಗೆ ಕಿಮ್ಮತ್ತು ಎಲ್ಲಿಂದ ಬರ್ತೈತಿ? ಮತ್ತ ಎದರಿಗೆ ಮಾರಿ ಇಲ್ಲ. ನಗ್ತಾರೋ, ಸಿಟ್ಟಾಗ್ಯಾರೋ, ಹೆಂಗ ತಿಳೀಬೇಕು?"

"ನಿಮ್ಮ ಕಾಯ್ದೆ ನಮ್ಮ ತಾಂಡಾದಾಗ ನಡೀತೈತ್ರಿ" ಎಂದಳು ಗೌರಿಬಾಯಿ. "ರಾಮನಗರದಾಗ ಅದನ್ನ ಯಾರು ಕೇಳ್ಯಾರ? ಮಗಳ ಹೊಟ್ಟಿ ನಿಮ್ಮ ಕಾಯ್ದೆ ನೋಡ್ಕೋತ ಕುಂದ್ರೂದಿಲ್ಲ."

ರೂಪ್ಲಪ್ಪ ಒಂದು ಕತೆಯನ್ನೂ ಎತ್ತಿಕೊಳ್ಳದೆ ಮನೆಯ ದಾರಿ ಹಿಡಿದ. ಆತನ ಆಯುಷ್ಯದಲ್ಲಿ ಇಂಥದು ನಡೆದದ್ದು ಅದೇ ಮೊದಲೆಂದು ಸುಭಾಷ ಈಗಲೂ ಹೇಳುತ್ತಾನೆ.

ಮರುದಿನ ಬೆಳಿಗ್ಗೆ ಆತ ಮಿಂದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ರುಮಾಲು ಸುತ್ತಿ ಅಂಗಳದ ಕಂಬಳಿಯ ಮೇಲೆ ಕೂತ. ಅರ್ಧ ತಾಂಡಾ ಸುತ್ತ ನೆರೆದಿತ್ತು. ಉಳಿದರ್ಧ ಮರ ಹತ್ತಿತ್ತು. ಗೌರಿಬಾಯಿ ಮಗಳ ಮೂಲಕ ಗೊತ್ತುಮಾಡಿದ್ದ ಹೊತ್ತಿಗೆ ಕರೆ ಬಂತು. ಗೌರಿಬಾಯಿಯೇ ಹಸಿರು ಗುಂಡಿ ಒತ್ತಿ ಸ್ಪೀಕರ್ ಹಾಕಿ ಗಂಡನ ಕೈಗಿತ್ತಳು. "ಹಲೋ" ಎಂದಿತು ನಿರ್ಮಲಾಬಾಯಿಯ ಧ್ವನಿ. ರೂಪ್ಲಪ್ಪ ಎದ್ದು ನಿಂತು, ಮೊಬೈಲನ್ನು ಎರಡು ಅಂಗೈಗಳ ನಡುವೆ ಹಿಡಿದು ಕೈಮುಗಿದ.

"ಬೀಗರ, ಕೇಳಸ್ತೈತೇನ್ರಿ?"

ಆತ ತಲೆಯಾಡಿಸಿದ. ಮಗಳನ್ನು ಯಾವಾಗ ಒಯ್ಯುತ್ತೀರೆಂದು ಕೇಳಿದಳು. ಪೂರ್ವದಲ್ಲಿ ಏರುತ್ತಿದ್ದ ಸೂರ್ಯನತ್ತ ಬೆರಳು ಚಾಚಿ, ಇವತ್ತೇ ಎಂಬಂತೆ ಕಣ್ಣರಳಿಸಿದ. ಗೌರಿಬಾಯಿ ಮೊಣಕೈಯಿಂದ ತಿವಿದಳು. ಆತ ಬಾಯಿ ತೆರೆದ. ಒಂದು ಭತ್ತದ ಬೆಳೆಯಷ್ಟು ಉದ್ದದ ಕತೆ ಹೇಳಬಲ್ಲ ಬಾಯಿಂದ ಒಂದಕ್ಷರ ಹೊರಡಲಿಲ್ಲ. ನಿರ್ಮಲಾಬಾಯಿ ಸ್ವಲ್ಪ ಹೊತ್ತು ಕಾದು ಕಟ್ ಮಾಡಿದಳು.

ಮರ ಹತ್ತಿದ್ದವರು ಒಬ್ಬೊಬ್ಬರಾಗಿ ಇಳಿಯತೊಡಗಿದರು. ರೂಪ್ಲಪ್ಪನ ಮುಖ ಮಾತ್ರ ಹಬ್ಬದಂತೆ ಬೆಳಗಿತು.

"ಕಟ್ ಮಾಡಿದ್ರು! ತಿಳೀತು ಅಂದ್ರು ಬೀಗತಿ. ನಡಿ, ಬಸ್ಸಿಗೆ ಹೋಗೂಣು."

ಗೌರಿಬಾಯಿಗೆ ಆ ಕಟ್ಟಿನ ಅರ್ಥ ಚೆನ್ನಾಗಿಯೇ ಗೊತ್ತಿತ್ತು. ಗಂಡನ ಮುಖವನ್ನೊಮ್ಮೆ ನೋಡಿದಳು. "ಹೌದ್ರಿ, ನಡೀರಿ" ಎಂದು ಒಳಗೆ ಹೋಗಿ ರೊಟ್ಟಿ ಬುತ್ತಿ ಕಟ್ಟಿಕೊಂಡು ಬಂದಳು.

ಹಳಿಯಾಳದಲ್ಲಿ ಬಸ್ಸು ಬದಲಿಸಿ, ಮಧ್ಯಾಹ್ನದ ಊಟದ ಗದ್ದಲದಲ್ಲಿ ರಾಮನಗರದ ಖಾನಾವಳಿ ಮುಟ್ಟಿದರು. ನಿರ್ಮಲಾಬಾಯಿ ಸೌಟು ಹಿಡಿದೇ ಬಾಗಿಲಿಗೆ ಬಂದಳು. ವಾರದಿಂದ ಕುದಿಸಿಟ್ಟ ಮಾತುಗಳನ್ನು ನಿಂತಲ್ಲೇ ಬಡಿಸಿದಳು. ನಾವೇನು ನಿಮ್ಮ ಬಾಗಿಲಿಗೆ ಭಿಕ್ಷೆಗೆ ಬಂದಿದ್ದೆವೇ, ಮೂತಿಯ ಮೇಲೆ ಹೊಡೆದಂತೆ ಕಟ್ ಮಾಡಲಿಕ್ಕೆ, ಎಂದಳು. ರೂಪ್ಲಪ್ಪ ಪೂರ್ತಿ ಕೇಳಿಸಿಕೊಂಡ. ಎದುರಿಗೆ ಮುಖವಿತ್ತು, ಆತನಿಗೆ ಬಾಯಿ ಬಂತು. ತಮ್ಮಲ್ಲಿ ಕಟ್ ಮಾಡುವುದೆಂದರೇನೆಂದು ಮೂಲದಿಂದ ಹೇಳತೊಡಗಿದ. ಊಟಕ್ಕೆ ಕೂತ ಲಾರಿಯವರು ಕೈ ಒಣಗಿಸಿಕೊಂಡು ಕೇಳಿದರು. ಹೊರಗೆ ಲಾರಿಗಳ ಸಾಲು ಗೋವಾದ ಗಡಿ ಮುಟ್ಟಿತು.

"ಹಂಗಾರ ಇಷ್ಟು ದಿವಸ ನಾ ನಿಮ್ಮನ್ನ ಬೈದದ್ದು?" ಎಂದಳು ನಿರ್ಮಲಾಬಾಯಿ ನಡುವೆ ಬಾಯಿ ಹಾಕಿ.

"ಅದೂ ತಲಿ ಮ್ಯಾಲ್ರಿ. ಇಷ್ಟಕ್ಕ ಮುಗೀಲಿಲ್ಲ, ಮುಂದ..."

"ಮುಗೀತ್ರಿ, ಮುಗೀತು. ಮಾಯಾ, ಚೀಲ ತಗೊ. ನಿಮ್ಮಪ್ಪನ್ನ ಕರಕೊಂಡು ಹೋಗು." ಆಕೆಯ ತುಟಿಯಂಚು ನಗುವಿಗೆ ಅರ್ಧ ತಿರುಗಿತ್ತೆಂದು ಗೌರಿಬಾಯಿ ಹೇಳುತ್ತಾಳೆ. "ಮುಟ್ಟಿದ ಮ್ಯಾಲ ಫೋನ್ ಮಾಡ್ರಿ, ಮತ್ತ."

ಸಂಜೆ ಮನೆ ಮುಟ್ಟಿದ ಮೇಲೆ ರೂಪ್ಲಪ್ಪ ರಿಂಗಿನ ಅಮಾನತ್ತನ್ನು ಆ ಹೊತ್ತಿಗೆ ಸಡಿಲಿಸಿ ಒಂದು ರಿಂಗು ಕೊಟ್ಟ. ಅದು ಮುಗಿಯುವ ಮೊದಲೇ ಆ ಕಡೆಯಿಂದ ಕಟ್ ಆಯಿತು. ಮರ್ಯಾದೆಯೋ, ಕೈಯಲ್ಲಿ ಸೌಟಿತ್ತೋ, ಮಾಯಾಳಿಗೂ ಹೇಳಲಾಗಲಿಲ್ಲ. ರೂಪ್ಲಪ್ಪನಿಗೆ ಸಂಶಯವೇ ಇರಲಿಲ್ಲ.

ಇಂಥವರನ್ನು ಹಳಬರೆಂದು ಪಕ್ಕಕ್ಕೆ ಸರಿಸುವುದು ಸುಲಭ. ಆದರೆ ಇವರು ಹೊಸದನ್ನು ಎಂದೂ ಬೇಡವೆಂದವರಲ್ಲ. ಕೈಗೆ ಬಂದ ಪ್ರತಿ ಯಂತ್ರವನ್ನೂ ತಮ್ಮ ಮನೆಯ ರಿವಾಜಿಗೆ ಪಳಗಿಸಿಕೊಂಡು, ಆ ರಿವಾಜು ಭೂಮಂಡಲಕ್ಕೆಲ್ಲ ತಿಳಿದಿದೆಯೆಂಬ ಅಪಾರ ಭರವಸೆಯಲ್ಲಿ ಬದುಕುತ್ತಾರೆ. ಆ ಭರವಸೆ ಇನ್ನೊಂದು ಮನೆಯ ಭರವಸೆಗೆ ಡಿಕ್ಕಿ ಹೊಡೆದ ದಿನ ಅದನ್ನು ದುರಸ್ತಿ ಮಾಡುವ ಉಪಾಯ ಅವರಿಗೆ ತಿಳಿದಿರುವುದು ಒಂದೇ: ಬಸ್ಸು ಹತ್ತುವುದು, ಬಾಗಿಲಲ್ಲಿ ಚಪ್ಪಲಿ ಬಿಡುವುದು, ಬೈಸಿಕೊಳ್ಳಲು ತಯಾರಾಗಿ ಒಳಗೆ ಹೋಗುವುದು.